ನಿಂತು ಹೇಳಿದ ಅಂಕೆ

ಪುಸ್ತಕ ಕಟ್ಟುವ ಆ ಅಂಗಡಿಯಲ್ಲಿ ಜಾಗ ಬದಲಿಸದ ವಸ್ತುಗಳು ಎರಡೇ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಒಂದು ಬಾಗಿಲ ಬಳಿಯ, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಇನ್ನೊಂದು ಕಿಟಕಿಯ ಕೆಳಗೆ ಬೆನ್ನು ಬಾಗಿಸಿ ಕೂತ ದಾರದಕ್ಕ.

ಹರಿದ ನಿಘಂಟು, ಬೆನ್ನು ಕಿತ್ತುಹೋದ ಶಾಲಾ ರಿಜಿಸ್ಟರು, ಗ್ರಂಥಾಲಯದಿಂದ ಚೀಲ ತುಂಬಿ ಬರುವ ಕಾದಂಬರಿಗಳು, ಏನೇ ಬರಲಿ, ಹಾಳೆಗಳನ್ನು ಬಿಡಿಸಿ, ದಬ್ಬಣದಿಂದ ತೂತು ಕೊರೆದು, ಮೇಣ ಸವರಿದ ದಾರದಲ್ಲಿ ಹೊಲಿಯುವುದು ಅವಳ ಕೆಲಸ. ಅದರಿಂದಲೇ ಆ ಹೆಸರು. ಹೊಲಿಯುವಾಗ ಹಣೆ ಮಂಡಿಗೆ ತಾಗುವಷ್ಟು ಬಾಗುತ್ತಿದ್ದಳು. ಎಂಥ ಶ್ರದ್ಧೆ ಎಂದು ನೋಡಿದವರು ತಲೆದೂಗುತ್ತಿದ್ದರು. ಕಟ್ಟಿದ ಪುಸ್ತಕಗಳನ್ನು ಮನೆಮನೆಗೆ, ಆಫೀಸಿಗೆ ಮುಟ್ಟಿಸಿ ಬರುವ ಗಂಡ ಅವಳನ್ನು ‘ಪ್ರಶ್ನೆ ಚಿಹ್ನೆ’ ಎಂದು ಕರೆಯುತ್ತಿದ್ದ.

“ಉತ್ತರ ಕೊಡೋ ಗಂಡ ಸಿಗ್ಲಿಲ್ಲ, ಅದಕ್ಕೇ ಹೀಗಿದ್ದೀನಿ,” ಎಂದು ಅವಳು ದಾರ ಕಚ್ಚಿ ತುಂಡರಿಸುತ್ತಿದ್ದಳು.

ನಿಜವಾದ ಉತ್ತರ ಅವಳ ಹೊಟ್ಟೆಯಲ್ಲಿತ್ತು. ಎದೆಗೂಡಿನ ಕೆಳಗೆ ಹುಟ್ಟಿ ಬೆನ್ನಿಗೆ ತಿವಿಯುವ ನೋವು ವರ್ಷಗಳಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ದೊಡ್ಡಾಸ್ಪತ್ರೆಯವರು ಅದನ್ನು ಮೇದೋಜ್ಜೀರಕ ಗ್ರಂಥಿಯ ಕಾಯಿಲೆ ಎಂದರು. ಗ್ರಂಥಿಯ ನಾಳದಲ್ಲಿ ಕಲ್ಲು ಕಟ್ಟಿಕೊಂಡು, ಜೀರ್ಣರಸ ಹರಿಯಲು ದಾರಿಯಿಲ್ಲದೆ ಒಳಗೇ ಒತ್ತುತ್ತಿತ್ತು.

“ಹೆಸರು ಹೇಳೋಕೇ ಬಾಯಿ ನೋಯುತ್ತೆ. ಇನ್ನು ಹೊಟ್ಟೆ ನೋಯದೆ ಇರುತ್ತಾ?” ಎಂದಿದ್ದರು ಅತ್ತೆ.

ಅದು ಕುಡಿಯುವವರಿಗೆ ಬರುವ ಕಾಯಿಲೆಯಂತೆ ಎಂದು ನಾದಿನಿಯೊಬ್ಬಳು ಪಿಸುಗುಟ್ಟಿದಾಗ ಅತ್ತೆಯೇ ಎದುರು ನಿಂತರು. “ಹೌದಮ್ಮ, ಕುಡೀತಾಳೆ. ನಾನೇ ಕಾಸಿ ಕೊಡ್ತೀನಿ, ಟೀ. ನಿನಗೂ ಒಂದು ಲೋಟ ಬೇಕಾ?” ಕೆಲವರಿಗೆ ಕಾರಣವೇ ಗೊತ್ತಾಗದೆ ಈ ಕಾಯಿಲೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳಿಬಂದರು.

ಚಿಕಿತ್ಸೆಗೆ ಎರಡು ದಾರಿಗಳಿದ್ದವು. ಬಾಯಿಯಿಂದ ಕೊಳವೆ ಇಳಿಸಿ, ನಾಳದ ಬಾಯಿ ಅಗಲಿಸಿ, ಸಿಕ್ಕಷ್ಟು ಕಲ್ಲು ತೆಗೆದು, ಒಳಗೊಂದು ಸಣ್ಣ ನಳಿಕೆ ಇಟ್ಟು ಬರುವ ಎಂಡೋಸ್ಕೋಪಿ ಒಂದು. ಹೊಟ್ಟೆ ತೆರೆದು, ನಾಳವನ್ನು ಉದ್ದಕ್ಕೆ ಸೀಳಿ, ಅದನ್ನು ಕರುಳಿಗೆ ಹೊಲಿಯುವ ಆಪರೇಷನ್ ಇನ್ನೊಂದು. ಮೊದಲು ಯಾವುದನ್ನು ಮಾಡಿದರೆ ರೋಗಿಗೆ ಒಳ್ಳೆಯದು ಎಂದು ಪತ್ತೆ ಮಾಡಲು ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಒಪ್ಪಿದವರನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರೇ ಎರಡು ಗುಂಪು ಮಾಡುತ್ತಿತ್ತು. ದಾರದಕ್ಕ ಒಪ್ಪಿದಳು. ಅವಳ ಪಾಲಿಗೆ ಎಂಡೋಸ್ಕೋಪಿ ಬಂತು. ದಿನವಿಡೀ ದಬ್ಬಣ ಹಿಡಿಯುವವಳಿಗೆ ತನ್ನ ಮೈಗೆ ಕತ್ತಿ ತಾಗುವುದೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಬದುಕಿದೆ ಎಂದುಕೊಂಡಳು.

ಕೊಳವೆ ಇಳಿಸುವವರು ಮೆಲುದನಿಯ ಡಾಕ್ಟರು. ಅತ್ತೆ ಅವರಿಗೆ ‘ಕೊಳವೆ ಡಾಕ್ಟ್ರು’ ಎಂದೇ ಹೆಸರಿಟ್ಟಿದ್ದರು. ಕೆಲವು ತಿಂಗಳಿಗೊಮ್ಮೆ ನಳಿಕೆ ಬದಲಿಸಬೇಕಿತ್ತು. ಪ್ರತಿಸಲವೂ ದಾರದಕ್ಕನಿಗೆ ಮಂಪರು ಇಳಿಯುವ ಹೊತ್ತಿಗೆ ಅವರು ಎಕ್ಸ್‌ರೇ ತಡೆಯುವ ಸೀಸದ ಭಾರದ ಅಂಗಿ ಕಳಚಿ, ಬೆವರಿನಿಂದ ತೊಯ್ದ ಶರ್ಟಿನಲ್ಲೇ ಮಂಚದ ಪಕ್ಕ ಬಂದು ನಿಲ್ಲುತ್ತಿದ್ದರು. “ಹೇಗಿದೆ ಅಮ್ಮ?” ಎನ್ನುತ್ತಿದ್ದರು. ಆ ಶರ್ಟು ನೋಡಿದರೆ ಅವಳಿಗೆ ಅಯ್ಯೋ ಅನ್ನಿಸುತ್ತಿತ್ತು. “ಪರವಾಗಿಲ್ಲ ಡಾಕ್ಟ್ರೇ,” ಎನ್ನುತ್ತಿದ್ದಳು.

ತಿಂಗಳಿಗೊಮ್ಮೆ ಅಧ್ಯಯನದ ನರ್ಸ್ ಫೋನ್ ಮಾಡುತ್ತಿದ್ದಳು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದ ನೋವು, ಈಗ ಎಷ್ಟು? ಫೋನ್ ಬರುವ ಹೊತ್ತಿಗೆ ದಾರದಕ್ಕ ಸಾಮಾನ್ಯವಾಗಿ ಕಿಟಕಿಯ ಕೆಳಗೆ ಮುದುರಿ ಕೂತು ಹೊಲಿಯುತ್ತಿರುತ್ತಿದ್ದಳು. ಮುಂದಕ್ಕೆ ಬಾಗಿದಾಗ ಆ ನೋವು ಬಾಲ ಮುದುರಿದ ನಾಯಿಯ ಹಾಗೆ ಸುಮ್ಮನಿರುತ್ತಿತ್ತು.

“ಎರಡು,” ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ.

ಆದರೆ ನೆಟ್ಟಗೆ ನಿಂತರೆ ಆ ನಾಯಿ ಎದ್ದು ಕಚ್ಚುತ್ತಿತ್ತು. ಹಾಸಿಗೆಯಲ್ಲೂ ಅವಳು ಮಂಡಿಯ ಮೇಲೆ ದಿಂಬು ಪೇರಿಸಿ, ಅದನ್ನು ತಬ್ಬಿ ಕೂತೇ ನಿದ್ದೆ ಮಾಡುತ್ತಿದ್ದಳು. ಎಲ್ಲಕ್ಕಿಂತ ಅವಳನ್ನು ಹೆದರಿಸುತ್ತಿದ್ದುದು ಪ್ರೆಸ್ಸು. ಹೊಲಿದು ಅಂಟು ಹಚ್ಚಿದ ಪುಸ್ತಕಗಳನ್ನು ಅದರಲ್ಲಿಟ್ಟು, ಮೇಲಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಎದೆಯೆತ್ತಿ, ಸೊಂಟ ನೆಟ್ಟಗೆ ಮಾಡಿ ತಿರುಗಿಸಬೇಕು. ಮೊದಲೆಲ್ಲ ಅದು ಅವಳದೇ ಕೆಲಸವಾಗಿತ್ತು. ಈಗ ಎಪ್ಪತ್ತು ದಾಟಿದ ಅತ್ತೆ ತಿರುಗಿಸುತ್ತಿದ್ದರು. “ನೀವು ತಿರುಗಿಸಿದ್ರೆ ಮೂಲೆ ಚೆನ್ನಾಗಿ ಕೂರುತ್ತೆ ಅತ್ತೆ,” ಎಂದು ಅವಳು ಬೆಣ್ಣೆ ಹಚ್ಚಿದ್ದಳು. ಅತ್ತೆ ಉಬ್ಬಿಹೋಗಿದ್ದರು. ಮಣಿಕಟ್ಟು ನೋಯತೊಡಗಿದಾಗ ಯಾರಿಗೂ ಹೇಳದೆ ಬಟ್ಟೆ ಸುತ್ತಿಕೊಂಡರು.

ಒಂದು ಮಧ್ಯಾಹ್ನ ಫೋನ್ ಬಂದಾಗ ದಾರದಕ್ಕನ ಕೈಯೆಲ್ಲ ಅಂಟಾಗಿತ್ತು. ಮಣೆಯ ಮೇಲಿದ್ದ ಫೋನನ್ನು ಮೊಣಕೈಯಿಂದ ಒತ್ತಿ ಸ್ಪೀಕರ್ ಹಾಕಿದಳು. ನರ್ಸ್ ಎಂದಿನ ಪ್ರಶ್ನೆ ಕೇಳಿದಳು. ಇವಳು ಎಂದಿನ ಎರಡು ಹೇಳಿದಳು.

ಪ್ರೆಸ್ಸಿಗೆ ಜೋತುಬಿದ್ದು ಏದುಸಿರು ಬಿಡುತ್ತಿದ್ದ ಅತ್ತೆಯ ಕಿವಿ ನಿಮಿರಿತು. “ಯಾವುದು ಎರಡು?”

“ನೋವು ಅತ್ತೆ. ಹತ್ತಕ್ಕೆ ಎರಡು.”

“ಓಹೋ! ಹತ್ತಕ್ಕೆ ಎರಡು ನೋವಿರೋಳು ಅಲ್ಲಿ ಕೂತಿದ್ದಾಳೆ, ನಾನಿಲ್ಲಿ ಎತ್ತಿನ ಹಾಗೆ ತಿರುಗ್ತಿದ್ದೀನಿ. ಬಾ ಇಲ್ಲಿ. ನೀನೇ ತಿರುಗಿಸು.”

“ಫೋನಲ್ಲಿದ್ದೀನಿ ಅತ್ತೆ...”

“ಫೋನು ಓಡಿಹೋಗಲ್ಲ. ಬಾ ಅಂದ್ರೆ ಬಾ.”

ದಾರದಕ್ಕ ಕೈ ಒರೆಸಿಕೊಂಡು ಎದ್ದಳು. ಚಕ್ರದ ಅಂಚಿಗೆ ಅತ್ತೆಯ ಮಣಿಕಟ್ಟಿನಿಂದ ಬಿಚ್ಚಿಬಿದ್ದ ಬಟ್ಟೆ ಸಿಕ್ಕಿಕೊಂಡಿತ್ತು. ಅದನ್ನು ನೋಡಿದಳು. ಅತ್ತೆಯ ಕೈ ನೋಡಿದಳು, ಗಂಟುಕಟ್ಟಿ ಕೆಂಪಾಗಿತ್ತು. ಚಕ್ರ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ತಿರುಗಿಸಿದಳು. ಅರ್ಧ ಸುತ್ತು ಬಂದಿರಬೇಕು. ಕಣ್ಣು ಕತ್ತಲಿಟ್ಟಿತು. ಪ್ರೆಸ್ಸಿನ ಮೇಲೆಯೇ ಎರಡಾಗಿ ಮಡಿಚಿಬಿದ್ದಳು.

ಮಣೆಯ ಮೇಲಿಂದ ಫೋನು ಕೂಗುತ್ತಿತ್ತು. “ಅಮ್ಮ? ಹಲೋ? ಇದ್ದೀರಾ?”

“ಇದ್ದಾಳೆ,” ಎಂದರು ಅತ್ತೆ. ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಎರಡು ಅಂತ ಬರ್ಕೊಂಡಿದ್ದೀಯಲ್ಲ, ಅದನ್ನ ಹೊಡೆದುಹಾಕು.”

“ಅವರೇ ಹೇಳ್ಬೇಕು ಅಜ್ಜಿ. ಬೇರೆಯವರು ಹೇಳಿದ್ದನ್ನ ಬರೆಯೋ ಹಾಗಿಲ್ಲ.”

“ಕೇಳಿಸ್ತಾ? ನನ್ನ ಮಾತಿಗೆ ಬೆಲೆ ಇಲ್ಲವಂತೆ. ನೀನೇ ಬಾಯಿ ಬಿಡು ತಾಯಿ.”

ದಾರದಕ್ಕ ಉಸಿರು ಸಿಗುವವರೆಗೆ ಕಾದಳು. ಆಮೇಲೆ ಪ್ರೆಸ್ಸನ್ನು ಹಿಡಿದುಕೊಂಡೇ ಮತ್ತೆ ನೆಟ್ಟಗಾದಳು. ಬೇಕೆಂದೇ ಆದಳು.

“ಎಂಟು,” ಎಂದಳು. “ಎರಡು ಅನ್ನೋದು ಬಾಗಿ ಕೂತಾಗಿಂದು. ನಿಂತರೆ ಎಂಟು. ಮೊದಲಿಂದಲೂ ಅಷ್ಟೇ ಇತ್ತು.”

“ಹಳೇದನ್ನ ತಿದ್ದೋಕಾಗಲ್ಲ ಅಮ್ಮ,” ಎಂದಳು ನರ್ಸ್. “ಇವತ್ತಿಂದನ್ನ ನೀವು ಹೇಳಿದ ಹಾಗೇ ಬರೀತೀನಿ. ಕೂತಿದ್ದೀರಾ, ನಿಂತಿದ್ದೀರಾ ಅಂತ ನಾನೂ ಕೇಳಿರ್ಲಿಲ್ಲ. ಈ ವಾರವೇ ಬನ್ನಿ, ಡಾಕ್ಟ್ರಿಗೆ ತಿಳಿಸ್ತೀನಿ.”

ಆಸ್ಪತ್ರೆಯಲ್ಲಿ ಕೊಳವೆ ಡಾಕ್ಟರು ಹೊಸ ಸ್ಕ್ಯಾನನ್ನು ಪರದೆಯ ಮೇಲೆ ಹಾಕಿ ತೋರಿಸಿದರು. ನಳಿಕೆಯೇನೋ ಸರಿಯಾಗಿಯೇ ಕೂತಿತ್ತು. ಅದರಾಚೆ ನಾಳ ಉಬ್ಬಿತ್ತು, ಉಬ್ಬಿದಲ್ಲೆಲ್ಲ ಕಲ್ಲಿನ ಚುಕ್ಕೆಗಳು.

“ಇನ್ನೊಂದು ಸಲ ನೋಡೋಣ. ಸ್ವಲ್ಪ ದಪ್ಪದ ನಳಿಕೆ ಹಾಕ್ತೀನಿ,” ಎಂದರು.

ಗಂಡನ ಮುಖ ಅರಳಿತು. “ಅದೇ ಒಳ್ಳೇದು ಡಾಕ್ಟ್ರೇ.”

ದಾರದಕ್ಕ ಕೊಟ್ಟ ಕುರ್ಚಿಯಲ್ಲಿ ಕೂತಿರಲಿಲ್ಲ. ಮೇಜಿನ ಅಂಚು ಹಿಡಿದು ನಿಂತಿದ್ದಳು, ಡಾಕ್ಟರಿಗೆ ಕಾಣುವ ಹಾಗೆ. ಹಣೆಯಲ್ಲಿ ಬೆವರಿತ್ತು.

“ಬೇಡ ಡಾಕ್ಟ್ರೇ. ನೀವು ಕಷ್ಟಪಟ್ಟಿದ್ದೀರಿ. ಅದನ್ನ ನೋಡಿ ನಾನು ನಿಮಗೆ ಮಾರ್ಕ್ಸ್ ಕೊಡ್ತಿದ್ದೆ. ನಾನು ಹೇಳ್ತಿದ್ದ ಲೆಕ್ಕ ನೋವಿನದ್ದಲ್ಲ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನನ್ನನ್ನ ಪಾಸ್ ಮಾಡ್ಸೋಕೆ ನೀವು ಫೇಲಾಗ್ತಿದ್ರಾ ಅಮ್ಮ?” ಎಂದು ನಕ್ಕರು. ನಗು ಬೇಗ ಮುಗಿಯಿತು. ಮತ್ತೊಮ್ಮೆ ಪರದೆಯ ಕಡೆ ತಿರುಗಿ ನೋಡಿ, “ಸರಿ, ಹಾಗಿದ್ರೆ ಆಪರೇಷನ್ನೇ ದಾರಿ,” ಎಂದರು.

“ಆಪರೇಷನ್ ಮಾಡಿಸ್ಕೊಂಡ್ರೆ ನಿಮ್ಮ ಅಧ್ಯಯನ ಕೆಡುತ್ತಾ?” ಎಂದಳು ದಾರದಕ್ಕ.

“ಕೆಡಲ್ಲ. ಚೀಟಿಯಲ್ಲಿ ಬಂದ ಗುಂಪಲ್ಲೇ ನಿಮ್ಮ ಲೆಕ್ಕ ಇರುತ್ತೆ. ಕೊಳವೆಯಿಂದ ಶುರುಮಾಡಿದವರಲ್ಲಿ ಒಬ್ಬರಿಗೆ ಅದು ಸಾಲಲಿಲ್ಲ, ಆಪರೇಷನ್ ಬೇಕಾಯ್ತು ಅಂತ ಬರೀತೀವಿ. ನಮಗೆ ಗೊತ್ತಾಗಬೇಕಿರೋದು ಅಂಥದ್ದೇ.”

ಆಪರೇಷನ್ ಮಾಡುವ ಡಾಕ್ಟರಮ್ಮ ಒಂದು ಕಾಗದದ ಮೇಲೆ ನಾಳದ ಚಿತ್ರ ಬರೆದು, ಎಲ್ಲಿ ಸೀಳುವುದು, ಎಲ್ಲಿ ಕರುಳಿಗೆ ಜೋಡಿಸುವುದು ಎಂದು ಗೆರೆ ಎಳೆದು ತೋರಿಸಿದರು. ನೋವು ಪೂರ್ತಿ ಹೋಗುತ್ತದೆ ಎಂಬ ಗ್ಯಾರಂಟಿ ಕೊಡಲಾಗದು, ಸೋಂಕು, ರಸ ಸೋರುವುದು ಇಂಥ ಅಪಾಯಗಳೂ ಇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ದಾರದಕ್ಕನ ಕಣ್ಣು ಆ ಗೆರೆಯ ಮೇಲಿತ್ತು. “ಯಾವ ದಾರ ಹಾಕ್ತೀರಿ?”

“ನಿಧಾನಕ್ಕೆ ಕರಗೋ ದಾರ.”

“ಕರಗೋ ದಾರ ನಾನು ಹಾಕಿದ್ರೆ ಗ್ರಂಥಾಲಯದವರು ನಮ್ಮ ಅಂಗಡಿ ಮುಚ್ಚಿಸ್ತಾರೆ,” ಎಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮನಸಾರೆ ನಕ್ಕರು.

ಹೊರಗೆ ಉದ್ದನೆಯ ಬೆಂಚಿನ ಮೇಲೆ ಗಂಡ ಮುಖ ಇಳಿಬಿಟ್ಟು ಕೂತಿದ್ದ. “ನಿನಗೆ ಭಯ ಆಗ್ತಿಲ್ವಾ?”

“ಆಗ್ತಿದೆ ರೀ. ಕೈ ಮುಟ್ಟಿ ನೋಡಿ, ಮಂಜುಗಡ್ಡೆ. ಆದ್ರೂ ಮಾಡಿಸ್ಕೋತೀನಿ. ಅತ್ತೆ ಕೈಗೆ ಬಟ್ಟೆ ಸುತ್ಕೊಂಡು ಒದ್ದಾಡೋದನ್ನ ನೋಡ್ತಾ ಇನ್ನೊಂದು ವರ್ಷ ನಾನು ಆ ಕಿಟಕಿ ಕೆಳಗೆ ಕೂರಲ್ಲ.”

ಅವನು ಅವಳ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡ. ಬಿಸಿಯಾಗುವವರೆಗೂ ಬಿಡಲಿಲ್ಲ.

ಆಪರೇಷನ್ ಆಯಿತು. ಎಚ್ಚರವಾದಾಗ ಹಳೆಯ ನೋವು ಎಲ್ಲಿದೆ ಎಂದು ಹುಡುಕಿದಳು. ಗಾಯದ ಉರಿಯಲ್ಲಿ ಅದು ಇದೆಯೋ ಇಲ್ಲವೋ ತಿಳಿಯಲಿಲ್ಲ. ಆಸ್ಪತ್ರೆಯವರು ಎದ್ದು ಓಡಾಡಿ ಎಂದಾಗ ಬೆನ್ನು ತಾನಾಗಿಯೇ ಬಾಗಿತು. ನೆಟ್ಟಗೆ ನಿಲ್ಲುವುದು ಹೇಗೆಂದು ಮೈಗೆ ಮರೆತೇಹೋಗಿತ್ತು. ಮನೆಗೆ ಬಂದ ಮೇಲೆ ದಿನವೂ ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ನಿಲ್ಲುವ ಅಭ್ಯಾಸ ಮಾಡಿದಳು. ಅತ್ತೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ತಲೆ ಗೋಡೆ ಬಿಟ್ಟಿತು, ಭುಜ ಬಿಟ್ಟಿತು ಎಂದು ತಪ್ಪು ಹಿಡಿಯುತ್ತಿದ್ದರು. ಊಟದ ಜೊತೆ ಜೀರ್ಣಕ್ಕೆಂದು ಕೊಟ್ಟ ಕ್ಯಾಪ್ಸೂಲನ್ನೂ ಅವರೇ ಎಣಿಸಿ ಕೊಡುತ್ತಿದ್ದರು. ಭಾರದ ಕೆಲಸಕ್ಕೆ ಡಾಕ್ಟರಮ್ಮ ಒಪ್ಪುವವರೆಗೂ ಗಂಡ ಬೆಳಿಗ್ಗೆ ಹೊರಡುವ ಮುನ್ನ ಪ್ರೆಸ್ಸು ತಿರುಗಿಸಿ ಹೋದ. ಮೂಲೆಗಳೆಲ್ಲ ಸೊಟ್ಟಗಾದವು.

ಒಪ್ಪಿಗೆ ಸಿಕ್ಕ ವಾರವೇ ನರ್ಸ್ ಫೋನ್ ಮಾಡಿದಳು. “ನಿಂತಿದ್ದೀರಾ ಅಮ್ಮ, ಕೂತಿದ್ದೀರಾ? ಈಗ ಎಲ್ಲರನ್ನೂ ಇದನ್ನ ಕೇಳಿಯೇ ಮುಂದಕ್ಕೆ ಹೋಗೋದು.”

“ಕೂತಿದ್ದೀನಿ. ತಡಿ, ಬಂದೆ.”

ಫೋನನ್ನು ಅತ್ತೆಯ ಕೈಗಿಟ್ಟು ಎದ್ದಳು. ಪ್ರೆಸ್ಸಿನಲ್ಲಿ ಕಾಲೇಜಿನ ದಪ್ಪ ನಿಘಂಟು ಕಾಯುತ್ತಿತ್ತು. ಚಕ್ರ ಹಿಡಿದು, ಎದೆಯೆತ್ತಿ ತಿರುಗಿಸಿದಳು. ಒಂದು ಸುತ್ತು ಬಂತು. ಇನ್ನೊಂದು ಸುತ್ತು. ರಟ್ಟು ಕಿರುಗುಟ್ಟಿತು. ಕೈಬಿಟ್ಟು, ಹಾಗೇ ನೆಟ್ಟಗೆ ನಿಂತು, ಒಳಗಿನ ಮಾತಿಗೆ ಕಿವಿಗೊಟ್ಟವಳಂತೆ ಸ್ವಲ್ಪ ಹೊತ್ತು ಕಾದಳು. ಅತ್ತೆ ಫೋನನ್ನು ಅವಳ ಮುಖದ ಹತ್ತಿರ ಹಿಡಿದರು.

“ಮೂರು,” ಎಂದಳು.

“ಮೂರಾ?” ನರ್ಸಿನ ದನಿ ಸಣ್ಣಗಾಯಿತು. “ಮೊದಲು ಎರಡು ಅಂತಿದ್ರಿ.”

“ಅದು ಬಾಗಿದ ಎರಡು ಕಣಮ್ಮ. ಇದು ನಿಂತ ಮೂರು. ಮೂರು ಅಂತಲೇ ಬರ್ಕೋ.”

ಅತ್ತೆ ಫೋನನ್ನು ಮಣೆಯ ಮೇಲಿಟ್ಟು, ಪ್ರೆಸ್ಸಿನ ಬಳಿ ಬಂದು, ಪುಸ್ತಕದ ಮೂಲೆಯನ್ನು ಬೆರಳಿಂದ ಒತ್ತಿ ನೋಡಿದರು.

“ಇನ್ನೂ ಕಾಲು ಸುತ್ತು ಬರುತ್ತೆ, ಸೋಮಾರಿ.”

ದಾರದಕ್ಕ ಮತ್ತೆ ಚಕ್ರಕ್ಕೆ ಕೈ ಹಾಕಿದಳು.