ಲಾಗ್ ಆಫ್ ಉಂಟು ಸರ್

ಅವರ ತೋರುಬೆರಳಿನ ಉಗುರು ಹಳದಿಗಟ್ಟಿ ದಪ್ಪವಾಗಿತ್ತು. ಅದರಿಂದ ನನ್ನ ಮಾನಿಟರನ್ನು ಟಕ್ ಟಕ್ ಎಂದು ಕುಟ್ಟುತ್ತ, ನನ್ನ ತಪ್ಪನ್ನು ಇಡೀ ಆಫೀಸಿಗೆ ಕೇಳುವಂತೆ ಓದುತ್ತಿದ್ದರು. ಕೊಟ್ಟಾರದ ಆ ಆಫೀಸಿನಲ್ಲಿ ಅವರು ನನ್ನ ಟೀಮ್ ಲೀಡ್. ಪ್ರೊಬೇಷನ್ ಮುಗಿಯಲು ಒಂದೇ ತಿಂಗಳು ಉಳಿದಿತ್ತು. ನನ್ನ ಕೆಲಸ ಉಳಿಯುವುದು ಅವರ ಸಹಿಯಿಂದ. ಅಂಥವರ ಕೈಗೆ ಸಿಕ್ಕಿಬಿದ್ದದ್ದು ನನ್ನ ಗ್ರಹಚಾರ.

ನಾನು ಬರೆದದ್ದು ಒಂದು ಆಸ್ಪತ್ರೆಯ ನೋಂದಣಿ ಪ್ರೋಗ್ರಾಂ. ತಪ್ಪಾದರೆ ಹುಡುಕಲು ಸುಲಭವಾಗಲಿ ಎಂದು ಹೆಜ್ಜೆಹೆಜ್ಜೆಗೂ ಲಾಗ್ ಹಾಕಿದ್ದೆ. ಏನು ನಡೆಯಿತೆಂದು ಪ್ರೋಗ್ರಾಂ ತಾನೇ ಬರೆದಿಡುವ ಸಾಲುಗಳು ಅವು. ಆಸ್ಪತ್ರೆಗೆ ಕೊಡುವಾಗ ಅವನ್ನು ಆಫ್ ಮಾಡಿದ್ದೆ. ಬೆಳಗಿನ ಹೊತ್ತು ಕೌಂಟರಿನಲ್ಲಿ ಎಲ್ಲ ನಿಧಾನ ಎಂದು ದೂರು ಬಂತು.

"ನಿನ್ನ ಲಾಗಿನ ಕೆಲಸ ಅದು," ಎಂದರು.

"ಲಾಗ್ ಆಫ್ ಉಂಟು ಸರ್."

"ಆಫ್ ಇರುದು ಬರೆಯುದು ಮಾತ್ರ. ಅದಕ್ಕೆ ಮೊದಲು ರೋಗಿಯ ಇಡೀ ಜಾತಕ ಒಟ್ಟು ಮಾಡಿ ವಾಕ್ಯ ಕಟ್ತದಲ್ಲ, ಅದು ಆಫ್ ಉಂಟಾ? ಕೇಳುವವರು ಇದ್ದಾರಾ ಅಂತ ನೋಡದೆ ಭಾಷಣ ತಯಾರು ಮಾಡುದು ಎಂತಕ್ಕೆ ಮಾರಾಯ್ತಿ?"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಸ್ವಲ್ಪ ಲೇಟಾದ್ರೆ ಯಾರು ಸಾಯ್ತಾರೆ ಸರ್?" ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಆ ಮನುಷ್ಯ ನನ್ನನ್ನು ಅದೇ ಆಸ್ಪತ್ರೆಗೆ ಕರೆದೊಯ್ದು ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಕೌಂಟರ್ ಮುಟ್ಟದೆ ಬರಕೂಡದೆಂದು ಹೇಳಿ, ತಾವು ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತ ಕೂತರು. ನನ್ನ ಮುಂದೆ ದೇರೆಬೈಲಿನ ಒಬ್ಬ ಅಜ್ಜಿ, ರಕ್ತಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದವರು. "ಎಂತ ಮಗಾ, ಇವರ ಕಂಪ್ಯೂಟರಿಗೂ ನನ್ನ ಹಾಗೆ ಗಂಟುನೋವಾ?" ಎನ್ನುತ್ತ ನೆಲದ ಮೇಲೆಯೇ ಕೂತುಬಿಟ್ಟರು.

ಲಾಗ್ ಆನ್ ಇದೆಯೇ ಎಂದು ಮೊದಲೇ ನೋಡುವ ಒಂದು ಸಾಲನ್ನು ಸಂಜೆಯೊಳಗೆ ಎಲ್ಲ ಕಡೆ ಸೇರಿಸಿದೆ. ಇಲ್ಲವಾದರೆ ವಾಕ್ಯವನ್ನೇ ಕಟ್ಟುವ ಹಾಗಿಲ್ಲ. ಮರುದಿನದಿಂದ ಕೌಂಟರ್ ಸರಾಗವಾಯಿತು. ಶಾಭಾಸ್ ಎನ್ನಲಿಲ್ಲ ಪುಣ್ಯಾತ್ಮ. ಬದಲಿಗೆ ನನ್ನ ಪ್ರೊಬೇಷನನ್ನು ಮೂರು ತಿಂಗಳು ಮುಂದಕ್ಕೆ ಹಾಕಿದರು!

"ಹಾಳು ಮಾಡಿದವಳೇ ಸರಿ ಮಾಡಿದ್ದಕ್ಕೆ ಹಾರ ಹಾಕ್ಬೇಕಾ?"

ಆ ಮೂರು ತಿಂಗಳು ಅವರಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಕೊನೆಗೆ ಸಹಿ ಮಾಡಿದ ಪತ್ರವನ್ನು ಮೇಜಿನ ಮೇಲೆ ಎಸೆದು, "ಇನ್ನು ನಿನ್ನ ಕೋಡ್ ನಾನು ಓದುದಿಲ್ಲ. ಬೇಕಾಗುದಿಲ್ಲ," ಎಂದು ಹೋದರು. ಮತ್ತೆಂದೂ ಓದಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಹೋಗದಿದ್ದರೆ ಜನ ಏನೆಂದಾರು ಎಂದು ಸುರತ್ಕಲ್ಲಿನ ಮನೆಗೆ ಹೋದೆ. ಅಳು ಬರಲಿಲ್ಲ. ಅವರ ಹೆಂಡತಿ ನನ್ನ ಗುರುತು ಸಿಗದೆ, "ನೀವು ಅವರಿಗೆ ಎಂತ ಆಗ್ಬೇಕು?" ಎಂದು ಕೇಳಿದರು. ಒಟ್ಟಿಗೆ ಕೆಲಸ ಮಾಡಿದವಳು ಎನ್ನಲು ಹೊರಟಿದ್ದೆ; ಬಾಯಿಂದ ಬಂದದ್ದು "ಶಿಷ್ಯೆ" ಎಂದು. ಸಿಟ್ಟು ಇನ್ನೂ ಹಾಗೆಯೇ ಇದೆ, ಆದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ.