ಮೀಸಲು ಡಬ್ಬಿಯ ಸರಸಮ್ಮನವರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಯಾವ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೋದರೂ, ಗಾಜಿನ ಪಟ್ಟಿಯನ್ನು ಎತ್ತಿಕೊಳ್ಳುವ ಮೊದಲು ತಮ್ಮ ಕೈಯನ್ನೇ ಒಮ್ಮೆ ತಿರುಗಿಸಿ ನೋಡಿಕೊಳ್ಳುವವರು ಕಂಡರೆ, ಅವರು ಸರಸಮ್ಮನವರ ಶಿಷ್ಯರೆಂದು ಕಣ್ಣುಮುಚ್ಚಿ ಹೇಳಬಹುದು. ರೋಗಾಣುಗಳ ಶಾಸ್ತ್ರವನ್ನೂ ರೋಗನಿರೋಧದ ಶಾಸ್ತ್ರವನ್ನೂ ದೊಡ್ಡ ಕಾಲೇಜುಗಳಲ್ಲಿ ಬೋಧಿಸಿದ ವಿದ್ವಾಂಸರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ವೈದ್ಯಕೀಯ ಸಹಾಯಕರಾಗಲು ಬಂದ ಹಳ್ಳಿಯ ಮಕ್ಕಳಿಗೆ ಅದನ್ನು ಕನ್ನಡದಲ್ಲಿ, ಕೈ ಹಿಡಿದು, ಬೇಕೆನಿಸಿದಾಗ ಕೈಮೇಲೊಂದು ಪೆಟ್ಟು ಕೊಟ್ಟು ಕಲಿಸಿದವರು ವಿರಳ. ಮಧುಗಿರಿಯ ತರಬೇತಿ ಕೇಂದ್ರದಲ್ಲಿ ಜೀವಮಾನವಿಡೀ ಆ ಕೆಲಸ ಮಾಡಿ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಸರಸಮ್ಮನವರಿಗೆ ಈ ಅಭಿನಂದನ ಗ್ರಂಥ ಸಲ್ಲುತ್ತಿರುವುದು ನಮ್ಮೆಲ್ಲರ ಭಾಗ್ಯ.

ಶಿರಾ ತಾಲ್ಲೂಕಿನ ರೈತ ದೊಡ್ಡರಂಗಪ್ಪನವರಿಗೆ ಮಗಳು ಶಾಲೆಯ ಟೀಚರಾಗಲೆಂಬ ಆಸೆಯಿತ್ತು. ಮಗಳು ಟೀಚರೇನೋ ಆದರು, ಆದರೆ ಕಪ್ಪುಹಲಗೆಯ ಜಾಗದಲ್ಲಿ ಸೂಕ್ಷ್ಮದರ್ಶಕ ಬಂತು. ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರ ಸ್ವಭಾವ ಎಲ್ಲರಿಗೂ ಗೊತ್ತಾಯಿತು. ಅಂದಿನ ಪ್ರಾಂಶುಪಾಲರಾದ ಶಂಕರಲಿಂಗಪ್ಪನವರು ಬೇಸಿಗೆಯ ಒಂದು ದಿನ ತಮ್ಮ ಮೊಸರನ್ನದ ಡಬ್ಬಿಯನ್ನು ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಇರಿಸಿದ್ದರು. ಸರಸಮ್ಮನವರು ಅದನ್ನು ತೆಗೆದು, ತುಂಬಿದ ತರಗತಿಯ ಎದುರಿಗೇ ಅವರ ಕೈಗಿತ್ತು, "ಸರ್, ಇದರ ಪಕ್ಕದಲ್ಲೇ ಟೈಫಾಯಿಡ್ ಪೇಷಂಟಿನ ರಕ್ತ ಐತೆ. ಊಟ ಮಾಡ್ತೀರೋ, ಪರೀಕ್ಷೆಗೆ ಕಳಿಸಾಣವೋ?" ಎಂದರು. ಪಾಪ, ಶಂಕರಲಿಂಗಪ್ಪನವರು ಅಂದು ಹೋಟೆಲಿನಲ್ಲಿ ಊಟ ಮಾಡಿದರು. ಆ ಫ್ರಿಜ್ಜಿನ ತಂಟೆಗೆ ಮತ್ತೆ ಯಾರೂ ಹೋಗಲಿಲ್ಲ.

ಇಷ್ಟು ಬಿರುಸಿನ ಮನುಷ್ಯರು ಪಾಠಕ್ಕೆ ನಿಂತರೆ ಬೇರೆಯೇ ಆಗಿಬಿಡುತ್ತಿದ್ದರು. ಗಾಜಿನ ಮೇಲೆ ರೋಗಿಯ ರಕ್ತದ ತಿಳಿಗೆ ಸತ್ತ ರೋಗಾಣುಗಳ ದ್ರಾವಣದ ಹನಿ ಬೆರೆಸಿ ಮೆಲ್ಲನೆ ಆಡಿಸುತ್ತ, "ನೋಡ್ರೇ, ಹಾಲು ಒಡೆದಂಗೆ ಕಾಳುಕಾಳು ಆಯ್ತಾ ಐತಲ್ಲ, ಈ ಮೈ ಆ ಕಾಯಿಲೇನ ಮೊದಲೇ ಕಂಡೈತೆ ಅಂತ ಅರ್ಥ" ಎನ್ನುತ್ತಿದ್ದರು. ಕುರಿಹಟ್ಟಿಯಿಂದ ಬಂದಿದ್ದ ಗಂಗಾಲಕ್ಷ್ಮಿಗೆ ರೋಗನಿರೋಧದ ಇಡೀ ಅಧ್ಯಾಯ ಆ ಒಡೆದ ಹಾಲಿನಲ್ಲೇ ತಿಳಿದುಹೋಯಿತು.

ಇಂದು ಶಿರಾದಲ್ಲಿ ಪ್ರಯೋಗಾಲಯ ನೋಡಿಕೊಳ್ಳುವ ಈ ಗಂಗಾಲಕ್ಷ್ಮಿ ಆಗ ತರಬೇತಿಯ ಹುಡುಗಿ. ಅವಳ ಅಕ್ಕ ಯಶೋದ ಬಸುರಿ. ಹಿಂದಿನ ಬಸುರು ನಿಂತಿರಲಿಲ್ಲ. ಈ ಸಲವೂ ಆರನೆಯ ತಿಂಗಳಿಗೆ ಜ್ವರ, ನಡುಕ, ಉರಿಮೂತ್ರ ಶುರುವಾಗಿ ಮನೆಯವರ ಜೀವ ಬಾಯಿಗೆ ಬಂದಿತ್ತು. ಯಾವ ರೋಗಾಣುವೆಂದು ಗೊತ್ತಾದರೆ ತಾಯಿಗೂ ಮಗುವಿಗೂ ಒಗ್ಗುವ ಔಷಧ ಆರಿಸಬಹುದೆಂದು ಡಾಕ್ಟರು ಮೂತ್ರವನ್ನು ಪರೀಕ್ಷೆಗೆ ಕಳಿಸಿದರು. ಆಸ್ಪತ್ರೆಯ ಶೌಚಾಲಯಕ್ಕೆ ಹೋಗಲು ನಾಚಿದ ಯಶೋದ ಮೂತ್ರ ಹಿಡಿಯಲು ಕೊಟ್ಟ ಡಬ್ಬಿಯನ್ನು ಹಟ್ಟಿಗೇ ಒಯ್ದಳು. ಎರಡು ಸಲ ಪರೀಕ್ಷೆಯಾಯಿತು. ಎರಡು ಸಲವೂ ರೋಗಾಣು ಬೆಳೆಸುವ ಗಾಜಿನ ತಟ್ಟೆಯ ತುಂಬ ಬಗೆಬಗೆಯ ರೋಗಾಣುಗಳು ಬೆಳೆದು, ಯಾವುದು ಮೈಯದು, ಯಾವುದು ಮಣ್ಣಿನದು ಎಂದು ಹೇಳುವಂತಿರಲಿಲ್ಲ. ಜ್ವರ ಮಾತ್ರ ಏರುತ್ತಲೇ ಇತ್ತು.

ಸರಸಮ್ಮನವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅಮ್ಮನನ್ನು ಕರೆದುಕೊಂಡು ಬಾ ಎಂದು ಗಂಗಾಲಕ್ಷ್ಮಿಗೆ ಹೇಳಿದರು. ತಾಯಿ ಜುಂಜಮ್ಮ ಬಂದು ಕೈಕಟ್ಟಿ ನಿಂತಾಗ, ಕೊಟ್ಟ ಡಬ್ಬಿಯನ್ನು ಏನು ಮಾಡಿದಿರಿ ಎಂದಷ್ಟೇ ಕೇಳಿದರು.

"ಬೂದಿ ಹಾಕಿ ತಿಕ್ಕಿ, ಚೆನ್ನಾಗಿ ಗಲಬರಿಸಿ, ಬೇಲಿ ಮ್ಯಾಲೆ ಒಣಗಾಕ್ಬುಟ್ಟೆ ಕಣಮ್ಮ. ಡಾಕ್ಟ್ರ ಕೈಗೆ ಕೊಡೋ ಡಬ್ಬಿ, ಅಂಗೇ ಕೊಟ್ರೆ ಮರ್ವಾದೆನಾ? ಕ್ಲೀನಾಗಿರ್ಬೇಕು ಅಂತ ನಮ್ಮ ಗಂಗೀನೇ ಹೇಳಿದ್ಲು" ಎಂದರು ಜುಂಜಮ್ಮ.

ಗಂಗಾಲಕ್ಷ್ಮಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಒಂದು ಸೂಕ್ಷ್ಮಾಣುವೂ ಇಲ್ಲದಂತೆ ಮಾಡಿ ಮುಚ್ಚಿ ಕೊಟ್ಟ ಡಬ್ಬಿ ಅದು. ಅಕ್ಕನ ಮಗು ತಾನಾಡಿದ ಒಂದು ಮಾತಿನಿಂದಲೇ ಹೋಗುತ್ತದೇನೋ ಎಂದು ಅಳು ಒತ್ತಿ ಬಂತು. ಬೈಗುಳ ಬೀಳುತ್ತದೆಂದು ಕಾಯುತ್ತಿದ್ದವಳಿಗೆ ಸರಸಮ್ಮನವರು ಹೇಳಿದ್ದು ಇಷ್ಟೇ: "ತಪ್ಪು ನಿಂದಲ್ಲ ಕಣೇ, ಆ ಮಾತಿಂದು. ಕ್ಲೀನು ಅಂದ್ರೆ ಯಾರಾದ್ರೂ ತೊಳೀತಾರೆ. ನಾನೂ ನಿಮಗೆ ಅದೇ ಮಾತಲ್ಲೇ ಪಾಠ ಮಾಡಿದ್ದು."

ಆಮೇಲೆ ತಾಯಿಯ ಕಡೆ ತಿರುಗಿ, "ಜುಂಜಮ್ಮ, ನಿಮ್ಮಟ್ಟೀಲಿ ದೇವರಿಗೆ ಮೀಸಲು ಹಾಲು ಹೆಂಗೆ ಒಯ್ತೀರಿ?" ಎಂದು ಕೇಳಿದರು.

"ಬಾಯಿ ಕಟ್ಟಿ ಒಯ್ತೀವಿ. ಯಾರೂ ಮುಟ್ಟಂಗಿಲ್ಲ, ಮೂಸಂಗಿಲ್ಲ, ದಾರೀಲಿ ಕೆಳಕ್ಕಿಡಂಗಿಲ್ಲ, ಯಾರ ಕೂಡೇನೂ ಮಾತಾಡಂಗಿಲ್ಲ."

"ಈ ಡಬ್ಬೀನೂ ಮೀಸಲೇ."

ಜುಂಜಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು, "ಅಯ್ಯಯ್ಯೋ, ಉಚ್ಚೆ ಡಬ್ಬಿಗೆ ಮೀಸಲಾ ಮೇಡಮ್ಮ? ಯಾವ ದ್ಯಾವ್ರಿಗೆ?" ಎಂದು ನಕ್ಕರು.

"ಹೊಟ್ಟೇಲಿರೋ ಕೂಸಿಗೆ" ಎಂದರು ಸರಸಮ್ಮನವರು. ಜುಂಜಮ್ಮನ ನಗು ಅಲ್ಲೇ ನಿಂತಿತು.

ಮೂರನೆಯ ಸಲ ಸರಸಮ್ಮನವರು ಯಶೋದಳನ್ನು ಪ್ರಯೋಗಾಲಯದ ಹಿಂದಿನ ಬೀದಿಯಲ್ಲಿದ್ದ ತಮ್ಮ ಮನೆಗೇ ಕರೆದೊಯ್ದರು. ಮೊದಲೊಂದಿಷ್ಟು ಬಿಟ್ಟು ನಡುವಿನದನ್ನು ಹಿಡಿಯಬೇಕೆಂದು ನಾಚಿಕೆಯಾಗದ ಹಾಗೆ ತಿಳಿಸಿ, ಬಚ್ಚಲ ಬಾಗಿಲಾಚೆ ತಾವೇ ನಿಂತರು. ಮುಚ್ಚಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಜುಂಜಮ್ಮ ಪ್ರಯೋಗಾಲಯಕ್ಕೆ ಹೊರಟರು. ದಾರಿಯಲ್ಲಿ ಎದುರಾದ ಬಂಧು ಅಡವಯ್ಯ ಎಷ್ಟು ಮಾತನಾಡಿಸಿದರೂ ತುಟಿ ಬಿಚ್ಚಲಿಲ್ಲ. ಜುಂಜಮ್ಮನಿಗೆ ಸೊಕ್ಕು ಬಂದಿದೆಯೆಂದು ಆತ ಹಟ್ಟಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೂ ಆಯಿತು.

ಈ ಸಲ ತಟ್ಟೆಯಲ್ಲಿ ಒಂದೇ ಬಗೆಯ ರೋಗಾಣು ಬೆಳೆದಿತ್ತು. ಅದರ ಮೇಲಿಟ್ಟ ಔಷಧದ ಬಿಲ್ಲೆಗಳಲ್ಲಿ ಯಾವುದರ ಸುತ್ತ ಏನೂ ಬೆಳೆಯದೆ ಬಯಲಾಗಿದೆಯೆಂದು ಗಂಗಾಲಕ್ಷ್ಮಿಯೇ ನೋಡಿ ಹೇಳಬೇಕೆಂದು ಸರಸಮ್ಮನವರು ಹಟ ಹಿಡಿದರು. ಅವಳು ಬೆರಳಿಟ್ಟು ತೋರಿಸಿದ ಬಿಲ್ಲೆಯ ಔಷಧವನ್ನೇ ಡಾಕ್ಟರು ಕೊಟ್ಟರು. ಜ್ವರ ಇಳಿಯಿತು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು.

ಅಂದಿನಿಂದ ನಮ್ಮ ಕೇಂದ್ರದಲ್ಲಿ ಕಲಿತ ಯಾರೂ ಡಬ್ಬಿ ಕೊಡುವಾಗ ಕ್ಲೀನು ಎಂಬ ಮಾತನ್ನು ಆಡಿದವರಲ್ಲ, ಮೀಸಲು ಎನ್ನುತ್ತಾರೆ. ಪಾವಗಡದ ಭೀಮರಾಜು ತೆಲುಗಿನವರಿಗೆ, "ಇದಿ ಮುಡುಪು ಡಬ್ಬಾ ಅಮ್ಮಾ, ಊರಿಕೇ ತೆರವದ್ದು", ಸುಮ್ಮಸುಮ್ಮನೆ ತೆರೆಯಬೇಡಿ, ಎನ್ನುತ್ತಾನೆ. ದೇವರ ಮುಡುಪನ್ನು ಬಿಚ್ಚುವವರು ಆ ಕಡೆಯೂ ಇಲ್ಲ. ಒಂದು ಶಾಸ್ತ್ರವನ್ನು ಜನರ ನಾಲಿಗೆಗೆ ತಂದ ಹಿರಿಮೆ ಇದು, ಮತ್ತು ಇದು ಸರಸಮ್ಮನವರದು.

ಸರಸಮ್ಮನವರು ನೂರ್ಕಾಲ ಬಾಳಲಿ. ಮನೆಯಲ್ಲಿ ಕುಳಿತಿರುವ ಜೀವ ಅವರದಲ್ಲ, ಆದ್ದರಿಂದ ಆಗಾಗ ಪ್ರಯೋಗಾಲಯಕ್ಕೆ ಬಂದು ನಮ್ಮ ಕೈಗಳನ್ನು ತಿರುಗಿಸಿ ನೋಡುತ್ತಿರಲಿ. ಅಂದು ಹುಟ್ಟಿದ ಮಗುವಿಗೆ ಶಾಲೆಯಲ್ಲಿ ಏನು ಹೆಸರಿದ್ದರೂ, ಹಟ್ಟಿಯಲ್ಲಿ ಅವಳು ಇಂದಿಗೂ ಮೀಸ್ಲಮ್ಮ. ಈ ಗ್ರಂಥದ ಮೊದಲ ಪ್ರತಿಯನ್ನು ಬೀಳ್ಕೊಡುಗೆಯ ವೇದಿಕೆಗೆ ತರುವವಳು ಅವಳೇ. ಅಚ್ಚಾಗಿ ಬರುತ್ತಲೇ ಅದನ್ನು ತಮ್ಮ ಮನೆಗೆ ಕಳಿಸಬೇಕೆಂದು ಅಜ್ಜಿ ಜುಂಜಮ್ಮನಿಂದ ಈಗಲೇ ಅಪ್ಪಣೆಯಾಗಿದೆ. ಒಮ್ಮೆ ತೆರೆದು ಅಚ್ಚಿನ ತಪ್ಪು ನೋಡಿ ಕಳಿಸುತ್ತೇವೆ ಎಂದದ್ದಕ್ಕೆ ಆಕೆ ಒಪ್ಪಲಿಲ್ಲ. "ಮೇಡಮ್ಮನ ಕೈ ಸೇರೋಗಂಟ ಯಾರೂ ತೆಗೀಬ್ಯಾಡಿ. ಅದು ಮೀಸಲು" ಎಂದರು.