ಬಾನೆಟ್ಟಿನ ಮೇಲಿಟ್ಟ ಅಂಗೈ

ಸಿದ್ರಾಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ತುರ್ಭೆ ಎಂಬ ಆ ಕಾರ್ಖಾನೆಗಳ ಊರಿನಲ್ಲಿ ಇದು ಗೊತ್ತಿದ್ದದ್ದು ಇಬ್ಬರಿಗೇ: ಹೆಂಡತಿ ಬಾಲಮ್ಮನಿಗೆ, ಜೊತೆಗೆ ಕೆಲಸ ಮಾಡುವ ಉಡುಪಿ ಕಡೆಯ ಮುರಾರಿಗೆ. ಉಳಿದವರ ಪಾಲಿಗೆ ಅವನೊಬ್ಬ ಜಂಬದ ಮೆಕ್ಯಾನಿಕ್, ಕರೆದರೆ ತಿರುಗಿಯೂ ನೋಡದವನು. ಅವನು ಕೆಲಸ ಮಾಡುತ್ತಿದ್ದದ್ದು ಫ್ಯಾಕ್ಟರಿ ನೌಕರರನ್ನು ಸಾಗಿಸುವ ಬಸ್ಸುಗಳ ಗ್ಯಾರೇಜಿನಲ್ಲಿ. ವಿಜಯಪುರದಿಂದ ಬಂದು ಸೇರಿಕೊಂಡವನ ಕಿವಿಗಳನ್ನು ತಗಡಿನ ಶೆಡ್ಡಿನೊಳಗೆ ದಿನವಿಡೀ ಅಬ್ಬರಿಸುವ ಡೀಸೆಲ್ ಇಂಜಿನ್ನುಗಳು ನಿಧಾನವಾಗಿ ತಿಂದುಹಾಕಿದ್ದವು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ನಡುಕ ನೋಡಿ, ಅವನು ಇಂಜಿನ್ನಿನ ರೋಗ ಹೇಳುತ್ತಿದ್ದ. ಕೈಗುಣ ಅಂದರೆ ಇದು ಎಂದು ಜನ ಹೊಗಳುತ್ತಿದ್ದರು. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಬೇರೆ ಗತಿ ಇರಲಿಲ್ಲ.

ವರ್ಷಕ್ಕೊಮ್ಮೆ ಡಾಕ್ಟರು ಬರುತ್ತಿದ್ದರು. ಬೆನ್ನ ಹಿಂದೆ ನಿಂತು ಮೆಲ್ಲಗೆ ಒಂದು ಅಂಕಿ ಹೇಳುವುದು, ಇವನು ಅದನ್ನೇ ತಿರುಗಿ ಹೇಳುವುದು, ಅಷ್ಟೇ ಕಿವಿಯ ಪರೀಕ್ಷೆ. ಎದುರಿಗೆ ಸಾಲಿನಲ್ಲಿ ನಿಂತ ಮುರಾರಿ ಗಲ್ಲ ಕೆರೆದುಕೊಳ್ಳುವ ನೆಪದಲ್ಲಿ ಅಷ್ಟು ಬೆರಳು ತೋರಿಸಿಬಿಡುತ್ತಿದ್ದ. ಆಮೇಲೆ ಇಬ್ಬರೂ ವಡಾಪಾವ್ ತಿನ್ನುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೋದ ವರ್ಷ ಹೊಗೆಯ ಬಸ್ಸುಗಳೆಲ್ಲ ಗುಜರಿಗೆ ಹೋಗಿ ಕರೆಂಟಿನ ಬಸ್ಸುಗಳು ಬಂದವು. ಟ್ರೇನಿಂಗ್ ಪಾಸಾದವರಿಗೆ ಮಾತ್ರ ಕೆಲಸ ಎಂದರು ಮಾಲೀಕರು. ಪಾಠ ಹೇಳುವ ಹುಡುಗಿ ಪರದೆಯ ಕಡೆ ಮುಖ ಮಾಡಿ ಹಿಂದಿಯಲ್ಲಿ ಪಟಪಟ ಮಾತಾಡುತ್ತಿದ್ದಳು. ತುಟಿ ನೋಡಿ ಅರ್ಥಮಾಡಿಕೊಳ್ಳುವವನಿಗೆ ಅವಳ ಜಡೆ ಮಾತ್ರ ಕಾಣುತ್ತಿತ್ತು.

"ಖರೇ ಹೇಳಿಬಿಡ್ರೀ ಅವ್ರಿಗೆ," ಎಂದು ಬಾಲಮ್ಮ ಎದುರು ಕೂತು, ಬಾಯಿ ಅಗಲಿಸಿ ಅಂದಳು.

"ಹೇಳಿದ್ರ ನಾಳೆನ ಮನಿಗೆ ಕಳಿಸ್ತಾರ. ಮುಂದ ಏನ್ ಮಾಡೂದು?"

"ಹೆದರಬೇಡ ಮಾರಾಯ, ನಾನಿದ್ದೇನಲ್ಲ," ಎಂದಿದ್ದ ಮುರಾರಿ. ಆದರೆ ಪರೀಕ್ಷೆಯ ದಿನ ಒಬ್ಬೊಬ್ಬರನ್ನೇ ಒಳಗೆ ಕರೆದರು.

ಹುಡುಗಿ ಬಸ್ಸಿನತ್ತ ತಿರುಗಿಕೊಂಡೇ ಏನೋ ಹೇಳಿದಳು. ಬಸ್ಸು ಚಾಲೂ ಇದೆ, ಮೊದಲು ಕರೆಂಟು ಕಡಿ, ಎಂದಳಂತೆ. ಸಿದ್ರಾಮ ಎಂದಿನಂತೆ ಅಂಗೈ ಇಟ್ಟ. ಒಂದಿಷ್ಟೂ ನಡುಕವಿಲ್ಲ. ಬಂದ್ ಇದೆ ಎಂದುಕೊಂಡು ಮುಚ್ಚಳ ಬಿಚ್ಚಿ, ದಪ್ಪ ಕೇಬಲ್ಲಿಗೆ ಕೈ ಹಾಕಿದ. ಬಾಗಿಲಲ್ಲಿ ಇಣುಕುತ್ತಿದ್ದ ಮುರಾರಿ ಕೂಗಿದ. ಯಾರನ್ನು ಕೂಗುತ್ತಿದ್ದೇನೆ ಎಂದು ಹೊಳೆದದ್ದೇ ಓಡಿಬಂದು, ಸಿದ್ರಾಮನನ್ನು ಒದ್ದು ಬೀಳಿಸಿದ. ಇಷ್ಟು ವರ್ಷದ ಗುಟ್ಟನ್ನು ಅಲ್ಲೇ ಎಲ್ಲರೆದುರು ಒದರಿದ. ನೆಲದ ಮೇಲೆ ಬಿದ್ದಿದ್ದ ಸಿದ್ರಾಮನಿಗೆ ಆ ತುಟಿಗಳು ಸ್ಪಷ್ಟವಾಗಿ ಕಂಡವು.

ನಿಮ್ಮ ಇಂಜಿನ್ನುಗಳಿಂದಲೇ ಕಿವಿ ಹೋಯಿತು, ಪರಿಹಾರ ಕೊಡಿ ಎಂದು ಬಾಲಮ್ಮ ಆಫೀಸಿಗೆ ಹೋದಳು. ಪ್ರತಿ ವರ್ಷವೂ ಕಿವಿ ಸರಿಯಿದೆ ಎಂದೇ ಡಾಕ್ಟರು ಬರೆದಿದ್ದಾರಲ್ಲ ಎಂದರು ಅವರು. ಮುರಾರಿಯ ಬೆರಳುಗಳು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದವು.

ಮುರಾರಿ ಪಾಸಾದ. ಅವನ ಮುಖ ನೋಡಲು ಸಿದ್ರಾಮನಿಗೆ ಮನಸ್ಸಿಲ್ಲ. ಜೀವ ಉಳಿಸಿದವನನ್ನು ಬೈಯುವ ಹಾಗೂ ಇಲ್ಲ. ಮಾಲೀಕರು ಕನಿಕರಪಟ್ಟು ಸಿದ್ರಾಮನಿಗೆ ಗ್ಯಾರೇಜಿನ ಅಂಗಳ ತೊಳೆಯುವ ಗುತ್ತಿಗೆ ಕೆಲಸ ಕೊಟ್ಟಿದ್ದಾರೆ. ಡೀಸೆಲ್ ಬಸ್ಸು ಬಂದರೆ ಮೊದಲು ಅಂಗಾಲಿಗೆ ಗೊತ್ತಾಗುತ್ತಿತ್ತು. ಇವು ಬೆನ್ನ ಹಿಂದೆ ಬಂದು ನಿಂತರೂ ತಿಳಿಯುವುದಿಲ್ಲ. ಒಮ್ಮೆ ಕಾಲ ಪಕ್ಕದ ಬಕೆಟ್ಟು ಅಪ್ಪಚ್ಚಿಯಾದ ಮೇಲೆ ಅವನು ಗೋಡೆಗೆ ಬೆನ್ನು ಹಚ್ಚಿಕೊಂಡೇ ತೊಳೆಯುತ್ತಾನೆ.

ಮನೆಯಲ್ಲಿ ಊಟಕ್ಕೆ ಕರೆಯಬೇಕಾದರೆ ಬಾಲಮ್ಮ ಹಿಂದಿನಿಂದ ಬಂದು ಅವನ ಬೆನ್ನು ತಟ್ಟುತ್ತಿದ್ದಳು. ಇಬ್ಬರ ನಡುವೆ ಪ್ರೀತಿ, ಜಗಳ ಎಲ್ಲ ನಡೆದದ್ದು ಆ ಕೈಯಿಂದಲೇ. ಈಗ ಅವಳು ಮುಟ್ಟಿದರೆ ಸಿದ್ರಾಮ ಚೀರಿ, ಹಾರಿ ಗೋಡೆಗೆ ಆತುಕೊಳ್ಳುತ್ತಾನೆ. ಅವಳು ಮುಟ್ಟುವುದನ್ನು ಬಿಟ್ಟಿದ್ದಾಳೆ.